ಬೆಳ್ಳಕ್ಕನ ಮನೆ ಊಟ

ನಮ್ಮೂರಿಗೆ ಬಂದು ನೆಲೆಸಬೇಕು, ಇಲ್ಲವೇ ವಾರಕ್ಕಿಂತ ಹೆಚ್ಚು ಇರಬೇಕು ಅನ್ನುವವರು ಮೊದಲು ನನ್ನ ಮುಂದೆ ಬಂದು ಕೂರಬೇಕು. ಬಸ್ ನಿಲ್ದಾಣದ ಹಿಂದಿನ ಹಳೇ ಹೆಂಚಿನ ಕಟ್ಟಡದಲ್ಲಿ ನನ್ನ ಕೋಣೆ. ಒಂದು ದೊಡ್ಡ ಟಿ.ವಿ., ಅದರೆದುರು ಒಂದು ಚಾಪೆ, ಎರಡು ಕುರ್ಚಿ, ಗೋಡೆಗೊಂದು ಗಡಿಯಾರ. ಬಂದವರ ಕೈಗೆ ರಿಮೋಟು ಕೊಟ್ಟು 'ನೆರೆಹೊರೆ' ಅನ್ನುವ ವಿಡಿಯೋ ಗೇಮನ್ನು ಆಡುವುದು ಹೇಗೆ ಎಂದು ಕಲಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಊರಿನವರು ನನ್ನನ್ನು ಆಟದ ಮೇಷ್ಟ್ರು ಅನ್ನುತ್ತಾರೆ. ನನ್ನ ಹೆಸರು ನನಗೇ ರೇಷನ್ ಕಾರ್ಡು ತೆಗೆದು ನೋಡಿದಾಗ ನೆನಪಾಗುತ್ತದೆ.

ನಿಯಮ ದೊಡ್ಡದೇನಲ್ಲ. ಏಳು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆಡಬೇಕು. ಅಷ್ಟರೊಳಗೆ ಆಟದಲ್ಲಿರುವ ಯಾರಾದರೂ ಒಬ್ಬ ನೆರೆಯವರು ನಿಮ್ಮನ್ನು ಊಟಕ್ಕೆ ಕರೆದು ಉಣ್ಣಿಸಿರಬೇಕು. ಉಣ್ಣಿಸಿದರೆ ನೀವು ಈ ಊರಿನವರು. ಇಲ್ಲದಿದ್ದರೆ ಏಳನೆಯ ದಿನ ಸಂಜೆ ಆರರ ಬಸ್ಸು ಹತ್ತಬೇಕು. ಮತ್ತೆ ಊರಿಗೆ ಬಂದು ಅರ್ಜಿ ಹಾಕುವುದಕ್ಕೆ ಒಂದು ವರ್ಷ ಕಾಯಬೇಕು. ಬಂದವರು ಮಂತ್ರಿಯ ಮಾವನಾದರೂ ಅಷ್ಟೇ, ಈ ಊರಿನ ಸೊಸೆಯ ತಾಯಿಯಾದರೂ ಅಷ್ಟೇ.

ನಾನು ಎಲ್ಲರಿಗೂ ಒಂದೇ ಮಾತಿನಿಂದ ಶುರು ಮಾಡುತ್ತೇನೆ. "ನೋಡಿ, ಇದು ಆರಾಮದ ಆಟ. ಇದರಲ್ಲಿ ಗೆಲುವಿಲ್ಲ, ಸೋಲಿಲ್ಲ, ಆತುರವಿಲ್ಲ." ಇದನ್ನು ಹೇಳುವಷ್ಟರಲ್ಲೇ ಎದುರಿಗೆ ಕೂತವರ ಅಂಗೈ ಬೆವರಿ ರಿಮೋಟು ಜಾರುತ್ತಿರುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ಟವಲ್ಲು ಇಟ್ಟಿರುತ್ತೇನೆ. ಹಿಂದೊಮ್ಮೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದಿದ್ದರು. ಮೂರನೆಯ ದಿನ ಆಟದೊಳಗಿನ ಅಂಗಡಿಯ ಆಮೆ ಬೀಜ ಕೊಡುವುದು ತಡ ಮಾಡಿತೆಂದು ಎದ್ದು ನಿಂತು ಅದಕ್ಕೆ ಬೈದುಬಿಟ್ಟರು. ಅಂಗಡಿಯ ಬಾಗಿಲು ಆಮೇಲೆ ತೆರೆಯಲೇ ಇಲ್ಲ, ಉಳಿದವರೂ ಊಟಕ್ಕೆ ಕರೆಯಲಿಲ್ಲ. ಪಾಪ, ಬಸ್ಸು ಹತ್ತುವಾಗ ಅತ್ತರು ಅವರು.

ಪುಟ್ಟನಂಜಮ್ಮ ಬಂದದ್ದು ಒಂದು ಸೋಮವಾರ. ಐವತ್ತೆಂಟರ ಗಟ್ಟಿ ಹೆಂಗಸು, ಮದುವೆ ಮನೆಗಳ ಅಡುಗೆ ಕಂಟ್ರಾಕ್ಟು ಹಿಡಿಯುವವರು. ಹದಿನಾಲ್ಕು ಜನರ ತಂಡ ಕಟ್ಟಿಕೊಂಡು ಸಾವಿರ ಎಲೆಗೆ ಬಡಿಸಿದ ಕೈ. ಆ ಕೈಯ ತುಂಬ ಎಣ್ಣೆ ಸಿಡಿದ ಚುಕ್ಕೆಗಳು. ಕುರ್ಚಿ ಬೇಡ ಎಂದು ಚಾಪೆಯ ಮೇಲೆ ಕೂತರು. "ಮಗಳು ಇದೇ ಊರಲ್ಲವ್ಳೆ ಮೇಷ್ಟ್ರೇ. ಚಂಪಾ ಅಂತ. ಎಂಟು ತಿಂಗ್ಳು. ಬೀಪಿ ಜಾಸ್ತಿ ಐತಂತೆ, ಹಾಸಿಗೆ ಬಿಟ್ಟು ಏಳ್ಬ್ಯಾಡ ಅಂದವ್ರಂತೆ ಡಾಕ್ಟ್ರು. ಬಾಣಂತನ ಮುಗಿಯೋಗಂಟ ಇರ್ಬೇಕು, ಅಷ್ಟೇಯ" ಎಂದರು.

ಚಂಪಾ ನನಗೆ ಗೊತ್ತು. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಗಂಡ ಲೋಕನಾಥ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಾನೆ. ಪಾಳಿ ಬಂದರೆ ಹನ್ನೆರಡು ಗಂಟೆ ಆ ಹುಡುಗಿ ಒಬ್ಬಳೇ. "ಮಗಳ ಮನೆಯಲ್ಲೇ ಇಳಿದುಕೊಂಡಿದ್ದೀರಾ?" ಎಂದು ಕೇಳಿದೆ. "ಇಲ್ಲ, ಛತ್ರದಲ್ಲಿ. ನೆನ್ನೆ ಹೋಗಿದ್ದೆ ಅವಳ ಮನೇತಾವ. ಬಾಗ್ಲು ತೆಗೆದ್ಲು. ಯಾಕ್ ಬಂದೆ ಅಂದ್ಲು. ತುಪ್ಪದ ಡಬ್ಬ ಜಗಲಿ ಮ್ಯಾಗಿಟ್ಟು ಬಂದೆ" ಎಂದು ಹೇಳಿ, ನಾನು ಮುಂದೇನಾದರೂ ಕೇಳುತ್ತೇನೆಂದು ಹೆದರಿದವರ ಹಾಗೆ, "ಇದ್ರಲ್ಲಿ ಯಾವ ಗುಂಡಿ ಯಾವ್ದುಕ್ಕೆ, ಬೇಗ ಹೇಳಿ" ಎಂದರು.

ಹೇಳಿದೆ. ಕಪ್ಪು ಗುಂಡಿ ನಡೆಯುವುದಕ್ಕೆ. ಹಸಿರು ಗುಂಡಿ ಕೆಲಸಕ್ಕೆ: ಅಗೆಯಲು, ನೀರು ಹಾಕಲು, ಗಾಳ ಎಸೆಯಲು, ಕೊಡಲು. ಕೆಂಪು ಗುಂಡಿ ಸುಮ್ಮನೆ ಕೂರಲು. ಹಳದಿ ಗುಂಡಿ ಮಾತಾಡಲು. ಅದನ್ನೇ ಒತ್ತಿ ಹಿಡಿದರೆ ಏನನ್ನಾದರೂ ಕೇಳಬಹುದು, ಬೀಜವೋ ಸಲಿಕೆಯೋ ಇನ್ನೊಂದೋ. "ಕೇಳೋದೆಲ್ಲ ನಮಗ್ಯಾಕೆ, ಅದು ಬಿಡಿ" ಎಂದರು ಪುಟ್ಟನಂಜಮ್ಮ. ಪರದೆಯ ಮೇಲೆ ಅವರ ಬೊಂಬೆ ಒಂಟಿ ಕೋಣೆಯ ಮನೆಯೊಂದರ ಮುಂದೆ ನಿಂತಿತ್ತು. ಹಿತ್ತಲಲ್ಲಿ ನಾಲ್ಕು ಪಾತಿ, ಆಚೆಗೊಂದು ಕೊಳ, ಕೊಳದ ಸುತ್ತ ಆರು ಮನೆ. ಪಕ್ಕದ ಮನೆಯಲ್ಲಿ ಬೆಳ್ಳಕ್ಕ, ಅಂದರೆ ಸೀರೆ ಉಟ್ಟ ಒಂದು ಕೊಕ್ಕರೆ. ಉಳಿದ ಮನೆಗಳಲ್ಲಿ ಅಳಿಲು, ಆಮೆ ಮುಂತಾದವರು. ಆಟದಲ್ಲಿ ಒಂದು ದಿನ ಅಂದರೆ ನಮ್ಮದೂ ಒಂದು ದಿನವೇ. ಇವತ್ತು ಬಿತ್ತಿದ ಮೂಲಂಗಿ ನಾಲ್ಕನೆಯ ದಿನಕ್ಕೆ ಬರುತ್ತದೆ, ಅನ್ನ ಬೇಯುವುದಕ್ಕೆ ಅನ್ನ ಬೇಯುವಷ್ಟೇ ಹೊತ್ತು ಹಿಡಿಯುತ್ತದೆ. ಗುಂಡಿಗಳ ವಿಷಯ ನಾನು ಯಾವಾಗ ಬೇಕಾದರೂ ಹೇಳಿಕೊಡಬಹುದು. ಆದರೆ ನೆರೆಯವರು ಬಾಯಿ ತೆರೆದರೆ ನಾನು ಬಾಯಿ ಮುಚ್ಚಬೇಕು, ರಿಮೋಟಂತೂ ಮುಟ್ಟಲೇಬಾರದು. ನಡೆದದ್ದನ್ನು ರಿಜಿಸ್ಟರಿನಲ್ಲಿ ಗಂಟೆ ನಿಮಿಷ ಸಮೇತ ಬರೆಯಬೇಕು.

ಎರಡನೆಯ ದಿನಕ್ಕೇ ಆಕೆಯ ಕೈ ಕುದುರಿತು. ಅಷ್ಟು ಚುರುಕಾದ ಕೈಯನ್ನು ನಾನು ನೋಡಿಯೇ ಇರಲಿಲ್ಲ. ಪಾತಿ ನಾಲ್ಕಿದ್ದದ್ದು ಹನ್ನೆರಡಾಯಿತು. ಕೊಳದ ಮೀನು, ದಂಡೆಯ ಸೊಪ್ಪು, ಕುಂಬಳಕಾಯಿ ಬುಟ್ಟಿಗೆ ಬಂದವು. ಮನೆಯ ಒಲೆ ಆರಲೇ ಇಲ್ಲ. ಮೀನು ಸಾರು, ಸೊಪ್ಪಿನ ಪಲ್ಯ, ಕುಂಬಳಕಾಯಿ ಹುಳಿ. ಬಟ್ಟಲಿಗೆ ಹಾಕುವುದು, ಆರೂ ಮನೆಗೆ ಹಂಚುವುದು. "ಒಬ್ಬರ ಮನೇನೂ ಬಿಡ್ಬಾರ್ದು ಮೇಷ್ಟ್ರೇ, ಬಿಟ್ರೆ ಪಂಕ್ತಿಭೇದ ಆಯ್ತದೆ" ಎನ್ನುವರು. ನೆರೆಯವರು ಬಟ್ಟಲು ಇಸಿದುಕೊಂಡು "ತುಂಬಾ ಚೆನ್ನಾಗಿದೆ" ಎಂದು ಒಳಗೆ ಹೋಗುವರು. ಪುಟ್ಟನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಒಲೆಯ ಮುಂದೆ ನಿಲ್ಲುವರು. ಆರಾಮದ ಆಟದಲ್ಲಿ ಆಕೆಯ ಬೊಂಬೆಗೆ ಬೆವರು ಇಳಿಯುವುದೊಂದೇ ಬಾಕಿ.

ಗುರುವಾರ, ನಾಲ್ಕನೆಯ ದಿನ, ಆಕೆ ಬುಟ್ಟಿ ಹಿಡಿದು ಬರುವುದನ್ನು ಕಂಡರೆ ನೆರೆಯವರು ಒಳಗೆ ಸರಿದುಕೊಳ್ಳತೊಡಗಿದ್ದರು. ಅಳಿಲು ಮರದ ಹಿಂದೆ ಹೋಯಿತು. ಆಮೆ ಅಂಗಡಿಯ ಪರದೆ ಎಳೆಯಿತು. ಬೆಳ್ಳಕ್ಕ ಮಾತ್ರ ಬೇಲಿಯ ಬಳಿ ನಿಂತು ಹೇಳಿದಳು: "ನಿಮ್ಮ ಬಟ್ಟಲು ಏಳು ನಮ್ಮ ಮನೇಲೇ ಉಳಿದಿವೆ. ಖಾಲಿ ಬಟ್ಟಲು ಹೇಗೆ ವಾಪಸ್ ಕೊಡಲಿ? ನೀವು ಏನೂ ತಗೊಳ್ಳೋದೇ ಇಲ್ಲ." ಕೆಳಗೆ ಉತ್ತರಗಳು ಮೂಡಿದವು. ಪುಟ್ಟನಂಜಮ್ಮ "ಇರಲಿ ಬಿಡಿ, ಅದರಲ್ಲೇನಿದೆ" ಅನ್ನುವುದನ್ನು ಒತ್ತಿ ಎಂಟನೆಯ ಬಟ್ಟಲು ಕೊಟ್ಟರು. ನಾನು ನಾಲಿಗೆ ಕಚ್ಚಿಕೊಂಡು ರಿಜಿಸ್ಟರಿನಲ್ಲಿ ಬರೆದೆ: ಬಟ್ಟಲು ಎಂಟು.

ಶುಕ್ರವಾರ ಮಧ್ಯಾಹ್ನ ಲೋಕನಾಥ ಕೋಣೆಯ ಬಾಗಿಲಿಗೆ ಬಂದ. ಆಟ ನಡೆಯುವಾಗ ಬೇರೆಯವರು ಒಳಗೆ ಬರುವಂತಿಲ್ಲ, ನಾನೇ ಹೊರಗೆ ಹೋದೆ. ಅಂಗಿಯ ತುಂಬ ಗ್ರೀಸು, ಮುಖದಲ್ಲಿ ನಿದ್ದೆಯಿಲ್ಲ. "ಸಾರ್, ಅತ್ತೆ ಪಾಸಾಗ್ತಾರಾ? ಇವಳಿಗೆ ಕಾಲೆಲ್ಲ ಊದಿಕೊಂಡಿದೆ. ತಲೆನೋವು ಅಂತಾಳೆ. ಬೀಪಿ ಇನ್ನೊಂಚೂರು ಏರಿದ್ರೆ ಯಾವಾಗ ಬೇಕಾದ್ರೂ ಆಸ್ಪತ್ರೆಗೆ ಹೊತ್ಕೊಂಡು ಹೋಗ್ಬೇಕು, ಮನೇಲಿ ಒಬ್ರು ಇರ್ಲೇಬೇಕು ಅಂದಿದಾರೆ. ಭಾನುವಾರದಿಂದ ನಂಗೆ ಹಗಲು ಪಾಳಿ. ಇನ್ನೊಬ್ಬ ಆಪರೇಟರ್ ರಜದ ಮೇಲಿದಾನೆ, ಪಂಪ್ ನಿಲ್ಸಿದ್ರೆ ಊರಿಗೆ ನೀರಿಲ್ಲ." "ಚಂಪಾ ಏನಂತಾಳೆ?" ಎಂದೆ. "ಅವ್ವ ಬರೋದಾದ್ರೆ ಆವತ್ತೇ ಬರ್ತಿದ್ಲು ಅಂತಾಳೆ ಸಾರ್, ಅದೊಂದೇ ಮಾತು" ಎಂದು ಅವನು ತಲೆ ತಗ್ಗಿಸಿದ. ಇನ್ನೂ ಎರಡು ದಿನ ಇದೆ ಎಂದು ಹೇಳಿ ನಾನು ಒಳಗೆ ಬಂದೆ.

ಶನಿವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಬೆಳ್ಳಕ್ಕ ಬೇಲಿಯ ಹತ್ತಿರ ಬಂದಳು. ಪುಟ್ಟನಂಜಮ್ಮನ ಬೊಂಬೆ ಮೂಲಂಗಿ ಕೀಳುತ್ತಿತ್ತು. "ಇವತ್ತು ನಮ್ಮನೇಲಿ ಹುರುಳಿ ಸಾರು ಮಾಡಿದೀನಿ. ಊಟಕ್ಕೆ ಬನ್ನಿ." ಕೆಳಗೆ ಎರಡು ಸಾಲು ಮೂಡಿದವು. ಮೇಲಿನದು, "ಬರ್ತೀನಿ." ಕೆಳಗಿನದು, "ಇನ್ನೊಮ್ಮೆ ಬರ್ತೀನಿ." ನಾನು ಪೆನ್ನು ಎತ್ತುವಷ್ಟರಲ್ಲಿ ಆಕೆಯ ಹೆಬ್ಬೆರಳು ಕೆಳಗಿನ ಸಾಲನ್ನು ಒತ್ತಿ ಆಗಿತ್ತು.

"ಕರೆದ್ರು ಮೇಷ್ಟ್ರೇ! ನೋಡಿದ್ರಾ, ಕರೆದ್ರು!" ಎಂದು ಆಕೆ ನನ್ನತ್ತ ತಿರುಗಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಮಾತಾಡುವಂತಿರಲಿಲ್ಲ, ಬೆಳ್ಳಕ್ಕ ಇನ್ನೂ ಪರದೆಯ ಮೇಲಿದ್ದಳು. "ಇನ್ನೊಂದ್ ಕಿತ ಕರೀಲಿ, ಆಮ್ಯಾಕೆ ಹೂಂ ಅನ್ನಾನ" ಎಂದು ಪುಟ್ಟನಂಜಮ್ಮ ರಿಮೋಟನ್ನು ತೊಡೆಯ ಮೇಲಿಟ್ಟು ಕಾದರು. ಬೆಳ್ಳಕ್ಕ "ಆಯ್ತು" ಎಂದಳು. ಮನೆಯೊಳಗೆ ಹೋದಳು. ಬಾಗಿಲು ಮುಚ್ಚಿತು.

ಆಕೆ ಇನ್ನೂ ಎರಡು ನಿಮಿಷ ಆ ಮುಚ್ಚಿದ ಬಾಗಿಲನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಯಾಕೆ, ಇನ್ನೊಂದ್ಸಲ ಕರೆಯಲ್ವಾ ಇವರು?" ಎಂದರು. ನನಗೆ ತಡೆಯಲಾಗದ ಸಿಟ್ಟು ಬಂತು. "ಏನಮ್ಮಾ ನೀವು! ಆರು ದಿನ ಇದಕ್ಕೋಸ್ಕರ ಕಾದಿರಿ. ಬರ್ತೀನಿ ಅನ್ನೋದಕ್ಕೆ ಏನಾಗಿತ್ತು?" "ಕರೆದ ಕೂಡ್ಲೇ ಹೂಂ ಅಂದ್ಬಿಡೋದಾ ಮೇಷ್ಟ್ರೇ? ಅನ್ನ ಕಾಣ್ದೋಳು ಅಂದ್ಕಳಾಕಿಲ್ವಾ? ನಮ್ಮ ಕಡೆ ಮೂರ್ ಸಲ ಬ್ಯಾಡ ಅಂದು, ನಾಲ್ಕನೇ ಸಲ ಕೈ ಹಿಡ್ಕಂಡು ಎಳೆದ್ರೆ ಹೋಗಿ ಕೂರೋದು." ಹೇಳುತ್ತ ಹೇಳುತ್ತ ಆಕೆಯ ದನಿ ಇಳಿಯಿತು. ಟವಲ್ಲು ತೆಗೆದುಕೊಂಡು ಕೈ ಒರೆಸಿದರು, ಒರೆಸುತ್ತಲೇ ಇದ್ದರು.

"ಅವಳೂ ಹಿಂಗೇ ಒಂದ್ಸಲ ಕರೆದಿದ್ಲು" ಎಂದರು ಕೊನೆಗೆ. ಚಂಪಾ ತಾನೇ ಮೆಚ್ಚಿ ಲೋಕನಾಥನನ್ನು ಮದುವೆಯಾಗಿದ್ದಳು. ನೆಂಟರಿಷ್ಟರು ಯಾರೂ ಬಂದಿರಲಿಲ್ಲ, ಪುಟ್ಟನಂಜಮ್ಮ ಮಾತ್ರ ರಿಜಿಸ್ಟರ್ ಆಫೀಸಿಗೆ ಹೋಗಿ ಅಕ್ಷತೆ ಹಾಕಿ ಬಂದಿದ್ದರು. ಮನೆ ಮಾಡಿದ ಎಂಟು ದಿನಕ್ಕೆ ಮಗಳು ಫೋನು ಮಾಡಿ, ಅವ್ವ, ನಾನೇ ಅಡುಗೆ ಮಾಡಿದೀನಿ, ಊಟಕ್ಕೆ ಬಾ ಎಂದಳಂತೆ. "ಇನ್ನೊಂದ್ಸಲ ಬತ್ತೀನಿ ಕಣವ್ವ ಅಂದೆ. ದೇವ್ರಾಣೆ ನನಗೆ ಸಿಟ್ಟಿರ್ಲಿಲ್ಲ ಮೇಷ್ಟ್ರೇ. ಬಾಯಿಗೆ ಬರೋದೇ ಹಂಗೆ. ಇನ್ನೊಂದು ಮಾತು ಬಾ ಅಂದಿದ್ರೆ ಬಸ್ಸು ಹತ್ತಿರೋಳು. ಅವಳು ಆಯ್ತು ಅಂದು ಇಟ್ಬುಟ್ಲು. ನಾಲ್ಕು ವರ್ಷ ಆಯ್ತು, ಮತ್ತೆ ಕರೀಲಿಲ್ಲ. ನಾನೂ ಕರೀದೆ ಹೆಂಗೆ ಹೋಗೋದು ಅಂತ ಸುಮ್ಕಿದ್ದೆ." ನಾನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಐದಾದ ಮೇಲೆ ನೋಂದಣಿ ಅಧಿಕಾರಿ ತಿಪ್ಪೇರುದ್ರಪ್ಪನವರ ಹತ್ತಿರ ಓಡಿದೆ. ಏಳು ದಿನ ಮುಗಿದವರ ಅರ್ಜಿಗೆ ಮುದ್ರೆ ಒತ್ತುವವರು, ಇಲ್ಲವೇ ಬಸ್ಸಿನ ಚೀಟಿ ಕೊಡುವವರು ಅವರೇ. ಕರೆದಾಗ ಬೇಡ ಅಂದರೆ ಮುಂದೇನು ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಹಳೇ ಫೈಲುಗಳನ್ನೆಲ್ಲ ಕೆಳಗಿಳಿಸಿದರು. ಒಂದು ಗಂಟೆ ಹುಡುಕಿ, "ಬೇಡ ಅಂದೋರು ಇದುವರೆಗೂ ಒಬ್ರೂ ಇಲ್ಲ ಕಣ್ರೀ ಮೇಷ್ಟ್ರೇ. ಇಲ್ಲಿಗೆ ಬರೋರೆಲ್ಲ ಕರೀತಾರೋ ಇಲ್ವೋ ಅಂತ ಬಾಯಿ ಬಿಟ್ಕೊಂಡು ಕಾಯೋರೇ. ಇಂಥಾದ್ದು ನಂಗೇನು ಗೊತ್ತು? ಮತ್ತೆ ಕರೆದ್ರೆ ಕರೀಬಹುದು, ಕರೀದೆ ಇದ್ರೆ ಇಲ್ಲ" ಎಂದು ಕೈ ಕೊಡವಿದರು.

ಭಾನುವಾರ ಹತ್ತು ಗಂಟೆಗೆ ಟಿ.ವಿ. ಹಾಕಿದಾಗ ಬೆಳ್ಳಕ್ಕನ ಬಾಗಿಲು ಮುಚ್ಚಿಯೇ ಇತ್ತು. ಪುಟ್ಟನಂಜಮ್ಮ ಬೇಲಿಯ ಹತ್ತಿರ ಹೋಗಿ ನಿಂತರು. ಮೀನು ಹಿಡಿದು ತಂದು ಹೊಸ್ತಿಲಲ್ಲಿಟ್ಟರು. ಬಾಗಿಲು ತೆರೆಯಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಬೆಳಿಗ್ಗೆಯಿಂದ ಆಕೆ ಹೊಟ್ಟೆಗೆ ಏನೂ ಹಾಕಿರಲಿಲ್ಲ. ನನ್ನ ಹೆಂಡತಿ ಕಳಿಸಿದ ಚಿತ್ರಾನ್ನದ ಡಬ್ಬಿಯನ್ನೂ "ಆಯ್ತು ಮೇಷ್ಟ್ರೇ, ಈಗಿನ್ನೂ ತಿಂದೆ" ಎಂದು ಆಚೆ ಸರಿಸಿದರು. ಮೂರು ಗಂಟೆಗೆ ಪಂಪ್‌ಹೌಸಿನಿಂದ ಲೋಕನಾಥ ನನಗೆ ಫೋನು ಮಾಡಿದ. ಚಂಪಾಗೆ ತಲೆನೋವು ಹೆಚ್ಚಾಗಿದೆ, ನರ್ಸು ಬಂದು ಮಾತ್ರೆ ಕೊಟ್ಟು ಹೋಗಿದ್ದಾರೆ, ಸಂಜೆಯಿಂದ ಪಕ್ಕದಲ್ಲಿ ಯಾರಾದರೂ ಇರಲೇಬೇಕಂತೆ. ನಾನು ಅದನ್ನು ಪುಟ್ಟನಂಜಮ್ಮನಿಗೆ ಹೇಳಿದೆ. ಹೇಳಬಾರದಿತ್ತೇನೋ.

ನಾಲ್ಕು ಗಂಟೆಗೆ ಆಕೆ ರಿಮೋಟು ಚಾಪೆಯ ಮೇಲಿಟ್ಟು ಎದ್ದರು. "ಒಂದು ಗಂಟೆ ಆದ್ರೂ ಮಗಳ ಪಕ್ಕದಲ್ಲಿ ಕೂತಿದ್ದು ಬಸ್ಸು ಹತ್ತೀನಿ. ಈ ಬೊಂಬೆ ಆಟ ಸಾಕು." "ಈಗ ಎದ್ದು ಹೋದರೆ ಅಲ್ಲಿಗೆ ಮುಗಿಯಿತು. ಮಗು ಹುಟ್ಟಿ ವರ್ಷ ತುಂಬೋ ತನಕ ಈ ಕಡೆ ತಲೆ ಹಾಕೋ ಹಾಗಿಲ್ಲ" ಎಂದೆ ನಾನು. "ಮತ್ತೇನ್ ಮಾಡ್ಲಿ ಹೇಳಿ? ಕೊಡೋದೆಲ್ಲ ಕೊಟ್ಟೆ!" ಪರದೆಯ ಮೇಲೆ ಯಾವ ನೆರೆಯವರೂ ಇರಲಿಲ್ಲ. ಗುಂಡಿಯ ವಿಷಯ ಹೇಳುವ ಹಕ್ಕು ನನಗಿತ್ತು. "ಹಳದಿ ಗುಂಡಿ ಇದೆಯಲ್ಲ, ಅದನ್ನು ಒತ್ತಿ ಹಿಡಿದರೆ ಕೇಳಬಹುದು" ಎಂದೆ.

ಆಕೆಗೆ ನನ್ನ ಮಾತು ಅರ್ಥವಾಯಿತು. ಮುಖ ಕೆಂಪಾಯಿತು. "ನಲವತ್ತು ವರ್ಷ ಊರಿಗೆಲ್ಲ ಬಡಿಸಿದೋಳು ಕಣ್ರೀ ನಾನು. ಕಡೇ ಪಂಕ್ತಿ ಎದ್ದ ಮ್ಯಾಗೂ ಯಾರತ್ರಾನೂ ಒಂದು ತುತ್ತು ಕೇಳ್ದೋಳಲ್ಲ. ಈಗ ಒಂದು ಕೊಕ್ಕರೆ ಬಾಗ್ಲಲ್ಲಿ ನಿಂತ್ಕಂಡು ಊಟ ಹಾಕು ಅಂತ ಕೇಳ್ಲಾ?" "ಕೇಳಿ!" ಎಂದು ನಾನು ಕೂಗಿಯೇಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂಗಿದ್ದಿಲ್ಲ. ಆಕೆ ನಿಂತೇ ಇದ್ದರು. ಗಡಿಯಾರ ನಾಲ್ಕೂ ಹತ್ತು ಆಯಿತು, ನಾಲ್ಕೂ ಹದಿನೈದಾಯಿತು. ಆಮೇಲೆ ಒಂದು ಕೈಯನ್ನು ನೆಲಕ್ಕೆ ಊರಿ ಮತ್ತೆ ಚಾಪೆಯ ಮೇಲೆ ಕೂತರು. ಬೊಂಬೆಯನ್ನು ಬೆಳ್ಳಕ್ಕನ ಬಾಗಿಲಿಗೆ ನಡೆಸಿದರು. ಬುಟ್ಟಿಯಿಲ್ಲ, ಬಟ್ಟಲಿಲ್ಲ, ಬರಿಗೈ. ಹಳದಿ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಕೇಳುವ ಮಾತುಗಳು ಒಂದೊಂದೇ ಸರಿದವು: ಬೀಜ ಇದೆಯೇ, ಸಲಿಕೆ ಇದೆಯೇ, ನೂಲು ಇದೆಯೇ. ಎಲ್ಲಕ್ಕಿಂತ ಕೆಳಗೆ, "ಹಸಿವಾಗಿದೆ, ಊಟ ಇದೆಯೇ?" ಆಕೆ ಕಣ್ಣು ಮುಚ್ಚಿಕೊಂಡು ಒತ್ತಿದರು.

ಬಾಗಿಲು ತೆರೆಯಿತು. ಬೆಳ್ಳಕ್ಕ ಹೊಸ್ತಿಲಿಗೆ ಬಂದಳು. "ನಿನ್ನೆ ಕರೆದಿದ್ದೆ. ಇವತ್ತು ಬಂದ್ರಿ. ಬನ್ನಿ ಒಳಗೆ. ಸಾರಿದೆ, ಅನ್ನ ಇಡಬೇಕು." ಬೊಂಬೆ ಒಳಗೆ ಹೋಗಿ ಕೂತಿತು. ಪಕ್ಕದ ಗೂಡಿನಲ್ಲಿ ತೊಳೆದಿಟ್ಟ ಬಟ್ಟಲುಗಳು ಸಾಲಾಗಿದ್ದವು. ಬೆಳ್ಳಕ್ಕ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ನಾನು ಗಡಿಯಾರ ನೋಡಿದೆ: ನಾಲ್ಕೂ ಇಪ್ಪತ್ತೈದು. ಐದಕ್ಕೆ ಸರಿಯಾಗಿ ತಿಪ್ಪೇರುದ್ರಪ್ಪನವರು ಬಂದು ಮೇನ್ ಸ್ವಿಚ್ಚು ಇಳಿಸುತ್ತಾರೆ.

ಅಷ್ಟು ನಿಧಾನವಾಗಿ ಬೇಯುವ ಅನ್ನವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಬೆಳ್ಳಕ್ಕ ಒಂದೊಂದೇ ಕಡ್ಡಿ ಒಲೆಗೆ ಇಡುವಳು, ಊದುವಳು, ಕಿಟಕಿಯಾಚೆ ನೋಡುವಳು. ಪರದೆಯ ಮೂಲೆಯಲ್ಲಿ ಹಸಿರು ಗುಂಡಿ ಮಿನುಗುತ್ತಿತ್ತು: 'ಕೈ ಜೋಡಿಸಿ.' ಪುಟ್ಟನಂಜಮ್ಮನ ಹೆಬ್ಬೆರಳು ರಿಮೋಟಿನ ಆ ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಿದರೆ ಆಕೆಯೇ ಅಡುಗೆಯವರಾಗುತ್ತಾರೆ, ಬೆಳ್ಳಕ್ಕ ಉಣ್ಣಿಸಿದ ಹಾಗಾಗುವುದಿಲ್ಲ. ಬೆಳ್ಳಕ್ಕ ಎದುರಿಗಿದ್ದಳು, ನಾನು ಹೇಳುವಂತಿರಲಿಲ್ಲ. "ನೀರು ಜಾಸ್ತಿ ಆಯ್ತು, ಮುಚ್ಚಳ ಓರೆ ಮಾಡ್ಬಾರ್ದಾ ಇವಳು" ಎಂದು ಗೊಣಗಿದರು. ನಾಲ್ಕೂ ನಲವತ್ತು. "ಉರಿ ಸಾಲ್ದು ಕಣೇ, ಎರಡು ಸೌದೆ ಒಟ್ಟು." ನಾಲ್ಕೂ ನಲವತ್ತಾರು. ಆಮೇಲೆ ಇದ್ದಕ್ಕಿದ್ದಂತೆ ರಿಮೋಟನ್ನು ಚಾಪೆಯ ಮೇಲಿಟ್ಟು ಎರಡೂ ಕೈಯನ್ನು ತೊಡೆಯಡಿ ಸೇರಿಸಿ, ಅವುಗಳ ಮೇಲೆ ಕೂತುಬಿಟ್ಟರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಲು ಕೈ ತೆಗೆಯಲಿಲ್ಲ.

ನಾಲ್ಕೂ ಐವತ್ತೈದಕ್ಕೆ ಬೆಳ್ಳಕ್ಕ ಅನ್ನ ಇಳಿಸಿದಳು. ತಟ್ಟೆ ಹಾಕಿದಳು, ನೀರು ಇಟ್ಟಳು, ಸಾರು ಬಿಟ್ಟಳು. ಹೊರಗೆ ತಿಪ್ಪೇರುದ್ರಪ್ಪನವರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿಸಿತು. ಬೊಂಬೆ ತುತ್ತು ಕಲಸಿತು, ಉಂಡಿತು. ಪರದೆಯ ಮೇಲೆ 'ಊಟವಾಯಿತು' ಎಂಬ ಅಕ್ಷರ ಮೂಡಿದ್ದೂ, ಕೋಣೆಯ ಬಾಗಿಲು ತೆರೆದದ್ದೂ ಒಂದೇ ಆಯಿತು.

ತಿಪ್ಪೇರುದ್ರಪ್ಪ ಪರದೆಯನ್ನೂ ನನ್ನನ್ನೂ ನೋಡಿದರು. "ಮೊದಲು ಬಾಯಿಬಿಟ್ಟೋರು ಯಾರು?" ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪುಟ್ಟನಂಜಮ್ಮ, "ನಾನೇ ಕೇಳಿ ಹಾಕಿಸ್ಕಂಡೆ ಸಾಮಿ" ಅಂದುಬಿಟ್ಟರು. "ಹಾಗಾದ್ರೆ ಇದು ಲೆಕ್ಕಕ್ಕೆ ಬರಲ್ಲ. ಕರೆದು ಉಣ್ಣಿಸಿರಬೇಕು ಅಂತಿದೆ. ಆರು ಗಂಟೆಗೆ ಬಸ್ಸು" ಎಂದು ಅವರು ಜೇಬಿನಿಂದ ಚೀಟಿ ಪುಸ್ತಕ ತೆಗೆದರು. ನನಗೆ ಅದೆಲ್ಲಿಂದ ಹೊಳೆಯಿತೋ ಕಾಣೆ, ರಿಜಿಸ್ಟರು ಅವರ ಮುಂದೆ ಚಾಚಿದೆ. "ಕರೆದದ್ದು ನಿನ್ನೆ, ಮೂರೂ ಇಪ್ಪತ್ತಕ್ಕೆ. ಬರೆದಿದೀನಿ ನೋಡಿ. ಉಣ್ಣಿಸಿದ್ದು ಇವತ್ತು. ಎರಡೂ ಒಂದೇ ದಿನ ಆಗಬೇಕು ಅಂತ ಎಲ್ಲಿದೆ?" "ನಿನ್ನೆ ಇವರು ಬೇಡ ಅಂದ್ರಲ್ರೀ?" "ಬೇಡ ಅನ್ನಲಿಲ್ಲ. ಇನ್ನೊಮ್ಮೆ ಬರ್ತೀನಿ ಅಂದ್ರು. ಬಂದ್ರು."

ಅವರು ನಿಯಮದ ಹಾಳೆಯನ್ನು ಎರಡು ಸಲ ಓದಿದರು. 'ನಿನ್ನೆ ಕರೆದಿದ್ದೆ, ಇವತ್ತು ಬಂದ್ರಿ' ಎಂದು ಬೆಳ್ಳಕ್ಕ ಹೇಳಿದ್ದನ್ನು ನಾನು ಬರೆದದ್ದರ ಮೇಲೆ ಬೆರಳಿಟ್ಟು ಮೂರನೆಯ ಸಲ ಓದಿದರು. "ನಿಮ್ಮ ಕಾಟ ಜಾಸ್ತಿ ಆಯ್ತು ಮೇಷ್ಟ್ರೇ" ಎಂದು ಬೈಯುತ್ತಲೇ ಅರ್ಜಿಯ ಮೇಲೆ ಮುದ್ರೆ ಒತ್ತಿದರು. ಸ್ವಿಚ್ಚು ಇಳಿಸಿದರು. ಪುಟ್ಟನಂಜಮ್ಮ ಆ ಹಾಳೆಯನ್ನು ನೋಡಲೂ ಇಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದರು.

ಛತ್ರದಿಂದ ಅವರ ಚೀಲ ಎತ್ತಿಕೊಂಡು ನಾನೂ ಜೊತೆಗೆ ಹೋದೆ. ಮಗಳ ಮನೆಯ ಜಗಲಿಯ ಕೆಳಗೆ ನಿಂತು ಬಾಗಿಲು ತಟ್ಟಿದರು. ತುಂಬ ಹೊತ್ತಾದ ಮೇಲೆ ಚಂಪಾ ಗೋಡೆ ಹಿಡಿದುಕೊಂಡು ಬಂದು ತೆರೆದಳು. ಮುಖ ಬಾತುಕೊಂಡಿತ್ತು. ಚೀಲ ಹಿಡಿದ ನನ್ನನ್ನು ನೋಡಿ, "ಬಸ್ಸಿಗೆ ಹೊರಟ್ಯಾ?" ಎಂದಳು. ಮುದ್ರೆಯ ಹಾಳೆಯನ್ನು ಈಗ ತೋರಿಸುತ್ತಾರೆ ಎಂದುಕೊಂಡೆ. ಅವರು ಸೊಂಟಕ್ಕೆ ಕೈಯನ್ನೇ ಹಾಕಲಿಲ್ಲ. "ಊಟಕ್ಕೆ ಬಂದೆ" ಎಂದರು.

"ಯಾರು ಕರೆದ್ರು?" ಎಂದಳು ಚಂಪಾ. "ನೀನೇ ಕರೆದಿದ್ದಲ್ಲೇ." "ನಾನ್ಯಾವಾಗ ಕರೆದೆ?" "ನಾಲ್ಕು ವರ್ಷ ಆಯ್ತು ಕಣವ್ವ. ಇನ್ನೊಂದ್ಸಲ ಬತ್ತೀನಿ ಅಂದಿದ್ದೆ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಬೆಳಗಿಂದ ಏನೂ ತಿಂದಿಲ್ಲ. ಹಸಿವಾಯ್ತದೆ."

ಚಂಪಾ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡಳು. ತಾಯಿಯ ಮುಖ ನೋಡದೆ, "ಮಧ್ಯಾಹ್ನದ ಅನ್ನ ಇದೆ. ತಣ್ಣಗಾಗಿದೆ. ಸಾರಿಗೆ ಉಪ್ಪಿಲ್ಲ, ಡಾಕ್ಟ್ರು 'ಬೇಡ' ಅಂದಿದಾರೆ" ಎಂದಳು. "ಅದನ್ನೇ ಹಾಕು" ಎಂದು ಪುಟ್ಟನಂಜಮ್ಮ ಮೆಟ್ಟಿಲು ಹತ್ತಿ ಒಳಗೆ ಹೋದರು. ಪಾತ್ರೆಗಳನ್ನು ತಾವೇ ಎತ್ತಿ ತಂದು ಮಗಳ ಮಂಚದ ಪಕ್ಕ ಇಟ್ಟು, ತಟ್ಟೆ ಹಿಡಿದು ನೆಲದ ಮೇಲೆ ಕೂತರು. ಚಂಪಾ ಮಂಚದ ಮೇಲಿಂದಲೇ ಬಗ್ಗಿ ಬಡಿಸಿದಳು. ನಾನು ಚೀಲವನ್ನು ಜಗಲಿಯ ಮೇಲಿಟ್ಟು ಅಲ್ಲೇ ನಿಂತೆ.

ಬಸ್ ನಿಲ್ದಾಣದ ಕಡೆಯಿಂದ ಆರರ ಬಸ್ಸಿನ ಹಾರನ್ನು ಎರಡು ಸಲ ಕೇಳಿಸಿತು. ಚಂಪಾ ಸೌಟು ಹಿಡಿದ ಕೈ ನಿಲ್ಲಿಸಿ, ಹೆದರಿದ ಕಣ್ಣಿನಿಂದ ಬಾಗಿಲ ಕಡೆ ನೋಡಿದಳು. ಪುಟ್ಟನಂಜಮ್ಮ ತಲೆ ಎತ್ತಲಿಲ್ಲ. ತಟ್ಟೆಯನ್ನು ಮಗಳ ಮುಂದಕ್ಕೆ ಚಾಚಿ, "ಇನ್ನೊಂಚೂರು ಹಾಕವ್ವ" ಎಂದರು.